ಲೆಕ್ಕಕ್ಕೆ ಸಿಗದ ಹೊಡೆತಗಳು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಎಲ್ಲವನ್ನೂ ಎಣಿಸುತ್ತಾರೆ. ಯಾರು ಎಷ್ಟು ಗಜ ಓಡಿದರು, ಎಷ್ಟು ಎಸೆತ ಗುರಿ ಮುಟ್ಟಿತು, ಯಾರು ಯಾರನ್ನು ಎಷ್ಟು ಸಲ ಕೆಡವಿದರು, ಎಲ್ಲವೂ ಮರುದಿನದ ಪತ್ರಿಕೆಯಲ್ಲಿ ಅಚ್ಚಾಗಿರುತ್ತದೆ. ಆದರೆ ಮೈದಾನಕ್ಕಿಳಿದ ಹನ್ನೊಂದು ಮಂದಿಯಲ್ಲಿ ಐವರ ಹೆಸರಿನ ಮುಂದೆ ಬರೆಯಲು ಆ ಪಟ್ಟಿಯಲ್ಲಿ ಹೆಚ್ಚೇನೂ ಇರುವುದಿಲ್ಲ. ಅವರು ಆಫೆನ್ಸಿವ್ ಲೈನ್‌ಮನ್‌ಗಳು. ನಡುವೆ ಸೆಂಟರ್, ಅವನ ಎಡಬಲಕ್ಕೆ ಇಬ್ಬರು ಗಾರ್ಡ್‌ಗಳು, ಅವರಾಚೆ ಇಬ್ಬರು ಟ್ಯಾಕಲ್‌ಗಳು. ಸಾಮಾನ್ಯ ಸಂದರ್ಭದಲ್ಲಿ ಇವರು ಎಸೆತ ಹಿಡಿಯುವಂತಿಲ್ಲ. ಚೆಂಡು ಹಿಡಿದು ಓಡುವವರಿಗೆ ದಾರಿ ಬಿಡಿಸುವುದು, ಎಸೆಯುವವನ ಮೇಲೆ ಎದುರಾಳಿಗಳು ಎರಗದಂತೆ ಎರಡು ಮೂರು ಸೆಕೆಂಡು ತಡೆದು ನಿಲ್ಲುವುದು, ಇಷ್ಟೇ ಕೆಲಸ. ಕೆಲಸ ಚೆನ್ನಾಗಿ ಆದರೆ ನೋಡುವವರ ಕಣ್ಣು ಬೇರೆ ಕಡೆ ಇರುತ್ತದೆ. ಎದುರಾಳಿಯ ಅಂಗಿ ಹಿಡಿದೆಳೆದು ಸಿಕ್ಕಿಬಿದ್ದಾಗ ಮಾತ್ರ ರೆಫರಿ ಧ್ವನಿವರ್ಧಕದಲ್ಲಿ ಆತನ ಅಂಗಿಯ ಸಂಖ್ಯೆಯನ್ನು ಇಡೀ ಕ್ರೀಡಾಂಗಣಕ್ಕೆ ಕೇಳುವಂತೆ ಕೂಗುತ್ತಾನೆ.

ಆಟದ ನಿಯಮ ತಿಳಿಯದವರಿಗೆ ಎರಡು ಮಾತು. ಆಕ್ರಮಣ ಮಾಡುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರೊಳಗೆ ಚೆಂಡು 10 ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಪ್ರತಿ ಅವಕಾಶವೂ ಶುರುವಾಗುವುದು ಸೆಂಟರ್ ಬಗ್ಗಿ ನಿಂತು ತನ್ನ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಿರುವ ಕ್ವಾರ್ಟರ್‌ಬ್ಯಾಕ್‌ಗೆ ದಾಟಿಸಿದಾಗ. ಇದಕ್ಕೆ ಸ್ನ್ಯಾಪ್ ಎನ್ನುತ್ತಾರೆ. ಒಂದು ಪಂದ್ಯದಲ್ಲಿ ಒಂದು ತಂಡಕ್ಕೆ ಸುಮಾರು 60ರಿಂದ 70 ಸ್ನ್ಯಾಪ್ ಸಿಗುತ್ತವೆ. ಉಳಿದ ಆಟಗಾರರಿಗೆ ಕೆಲವು ಸ್ನ್ಯಾಪ್‌ಗಳಲ್ಲಿ ಯಾರ ಮೈಯೂ ತಾಗದೆ ಇರಬಹುದು. ಲೈನ್‌ಮನ್‌ಗೆ ಆ ಬಿಡುವು ಸಿಗುವುದು ಅಪರೂಪ. ಅವನ ಮೂಗಿಗೂ ಎದುರಾಳಿಯ ಮೂಗಿಗೂ ನಡುವೆ ನಿಯಮದ ಪ್ರಕಾರ ಇರಬೇಕಾದ ಅಂತರ ಒಂದು ಚೆಂಡಿನ ಉದ್ದದಷ್ಟು, ಅಂದರೆ ಸುಮಾರು 28 ಸೆಂಟಿಮೀಟರ್. ಚೆಂಡು ಅಲುಗಿದ ಮರುಕ್ಷಣ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದಿರುತ್ತಾರೆ.

ಹಾಗಾಗಿ ಒಬ್ಬ ಲೈನ್‌ಮನ್ ಎಷ್ಟು ಒಳ್ಳೆಯವನು ಎಂದು ಹೇಳಲು ಅಂಕಿ ಬೇಕೆಂದರೆ ಕೊನೆಗೆ ಉಳಿಯುವುದು ಒಂದೇ: ಆತ ಎಷ್ಟು ದಿನ ನಿಂತ? ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಎಡ ಟ್ಯಾಕಲ್ ಜೋ ಥಾಮಸ್ 2007ರಲ್ಲಿ ಆಡಲು ಶುರುಮಾಡಿ ಸತತ 10,363 ಸ್ನ್ಯಾಪ್‌ಗಳವರೆಗೆ ಒಂದನ್ನೂ ತಪ್ಪಿಸಲಿಲ್ಲ. 2017ರ ಅಕ್ಟೋಬರ್‌ನಲ್ಲಿ ತೋಳಿನ ಸ್ನಾಯು ಹರಿದಾಗಲೇ ಆ ಸರಣಿ ನಿಂತದ್ದು. ಅಷ್ಟು ವರ್ಷಗಳಲ್ಲಿ ಅವರ ತಂಡ ಒಮ್ಮೆಯೂ ಪ್ಲೇಆಫ್ ಹಂತ ತಲುಪಲಿಲ್ಲ. ಆದರೂ 2023ರಲ್ಲಿ ಥಾಮಸ್ ಹಾಲ್ ಆಫ್ ಫೇಮ್ ಸೇರಿದರು. ನನ್ನ ಮಟ್ಟಿಗೆ ಇದು ಈ ಆಟ ತೋರಿಸಿದ ಅತ್ಯಂತ ನ್ಯಾಯಯುತ ಗೌರವಗಳಲ್ಲಿ ಒಂದು. ಆದರೆ ಅದೇ 10,363 ಎಂಬ ಸಂಖ್ಯೆಯನ್ನು ನರವಿಜ್ಞಾನಿಯೊಬ್ಬ ಓದಿದರೆ ಆತನಿಗೆ ಕಾಣುವುದು ಬೇರೆ.

ಅದು ಏಕೆ ಎಂದು ಜಗತ್ತಿಗೆ ಗೊತ್ತಾದದ್ದು ಮತ್ತೊಬ್ಬ ಲೈನ್‌ಮನ್‌ನಿಂದ. ಮೈಕ್ ವೆಬ್‌ಸ್ಟರ್ 1952ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಹುಟ್ಟಿ, ಆಲೂಗಡ್ಡೆ ಬೆಳೆಯುವ ಕುಟುಂಬದಲ್ಲಿ ಬೆಳೆದರು. 1974ರಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್, ಅಂದರೆ ಎನ್‌ಎಫ್‌ಎಲ್ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ ಐದನೇ ಸುತ್ತಿನವರೆಗೂ ಅವರನ್ನು ಯಾರೂ ಕರೆಯಲಿಲ್ಲ. ಸೆಂಟರ್ ಸ್ಥಾನಕ್ಕೆ ಮೈಕಟ್ಟು ಸಾಲದು ಎಂಬುದು ತೀರ್ಪು. ಐದನೇ ಸುತ್ತಿನಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಅವರನ್ನು ತೆಗೆದುಕೊಂಡಿತು. ಮುಂದಿನ ಆರು ಋತುಗಳಲ್ಲಿ ಆ ತಂಡ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ನಾಲ್ಕು ಸಲ ಗೆದ್ದಿತು. ನಾಲ್ಕರಲ್ಲೂ ವೆಬ್‌ಸ್ಟರ್ ಇದ್ದರು. ಕೊರೆಯುವ ಚಳಿಯಲ್ಲೂ ತೋಳಿನ ಬಟ್ಟೆ ಮೇಲೆ ಮಡಚಿ, ಬರಿ ತೋಳಿನಲ್ಲಿ ಆಡುತ್ತಿದ್ದ ಅವರನ್ನು ಪಿಟ್ಸ್‌ಬರ್ಗ್‌ನ ಜನ ‘ಐರನ್ ಮೈಕ್’ ಎಂದು ಕರೆದರು. ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲದಲ್ಲಿ ಆ ಊರು ತನ್ನನ್ನು ತಾನು ಅವರಲ್ಲಿ ಕಂಡುಕೊಂಡಿತ್ತು. ಪಿಟ್ಸ್‌ಬರ್ಗ್‌ನಲ್ಲಿ 15 ಋತು, ಆಮೇಲೆ ಕ್ಯಾನ್ಸಸ್ ಸಿಟಿಯಲ್ಲಿ ಎರಡು, ಒಟ್ಟು 245 ಪಂದ್ಯ. ಈ ಲೆಕ್ಕದಲ್ಲಿ ಅಭ್ಯಾಸ ಸೇರಿಲ್ಲ. 1970ರ ದಶಕದಲ್ಲಿ ಅಭ್ಯಾಸವೆಂದರೂ ಪೂರ್ತಿ ಬಲ ಹಾಕಿ ಡಿಕ್ಕಿ ಹೊಡೆಯುವುದೇ ಆಗಿತ್ತು. ಎದುರಿಗಿರುವವನ ಹೆಲ್ಮೆಟ್‌ನ ಪಕ್ಕಕ್ಕೆ ಅಂಗೈಯಿಂದ ಬಾರಿಸುವುದನ್ನು ಲೀಗ್ ನಿಷೇಧಿಸಿದ್ದು 1977ರಲ್ಲಿ. ತಡೆಯುವಾಗ ತೋಳು ಚಾಚಿ ಅಂಗೈ ಬಳಸಲು ಲೈನ್‌ಮನ್‌ಗಳಿಗೆ ಅನುಮತಿ ಸಿಕ್ಕಿದ್ದು 1978ರಲ್ಲಿ. ಅಲ್ಲಿಯವರೆಗೆ ಭುಜ ಮತ್ತು ತಲೆಯೇ ಆಯುಧ.

ಈಗ ಆ ಡಿಕ್ಕಿಯನ್ನು ಭೌತಶಾಸ್ತ್ರದ ಕಣ್ಣಿನಿಂದ ನೋಡೋಣ. ಲೆಕ್ಕ ಕಷ್ಟದ್ದಲ್ಲ. ಇಬ್ಬರು ಎದುರುಬದುರು ನುಗ್ಗಿದಾಗ ಒಬ್ಬನ ತಲೆಯ ವೇಗ ಸೆಕೆಂಡಿಗೆ 2 ಮೀಟರ್‌ನಷ್ಟು ಬದಲಾಯಿತು ಎನ್ನಿ. ಇದು ಸಾಧಾರಣ ನಡಿಗೆಗಿಂತ ತುಸು ಹೆಚ್ಚು, ಅಷ್ಟೆ. ಆ ಬದಲಾವಣೆ ಒಂದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಆಗಿಹೋದರೆ ತಲೆ ಅನುಭವಿಸುವ ವೇಗೋತ್ಕರ್ಷ ಗುರುತ್ವಾಕರ್ಷಣೆಯ 20 ಪಟ್ಟು. ವಿಜ್ಞಾನಿಗಳು ಇದನ್ನು 20 ‘ಜಿ’ ಎನ್ನುತ್ತಾರೆ. 2003ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು ಆಟಗಾರರ ಹೆಲ್ಮೆಟ್ ಒಳಗೆ ಸಂವೇದಕಗಳನ್ನು ಕೂರಿಸಿ ಅಳೆಯತೊಡಗಿದರು. ಆಮೇಲೆ ಬೇರೆ ಕಾಲೇಜುಗಳೂ ಅದೇ ದಾರಿ ಹಿಡಿದವು. ಅಳತೆಗಳಲ್ಲಿ ಕಂಡದ್ದು ಸರಿಸುಮಾರು ಇದೇ: ಲೈನ್‌ಮನ್‌ನ ತಲೆಗೆ ಬೀಳುವ ಹೆಚ್ಚಿನ ಹೊಡೆತಗಳು 20, 30 ಜಿ ಆಸುಪಾಸಿನವು. ಆಟಗಾರನಿಗೆ ತಲೆ ಗಿರ್ರೆಂದು ಕಣ್ಣು ಮಂಜಾಗುವ ಕಂಕಷನ್‌ಗೆ ಕಾರಣವಾಗುವ ಹೊಡೆತಗಳು ಸಾಮಾನ್ಯವಾಗಿ 100 ಜಿ ಹತ್ತಿರ ಇರುತ್ತವೆ. ಅದಕ್ಕೆ ಹೋಲಿಸಿದರೆ ಇವು ಸಣ್ಣವು. ಆತ ಎದ್ದು, ಹೆಲ್ಮೆಟ್ ಸರಿಮಾಡಿಕೊಂಡು, ಮುಂದಿನ ಸ್ನ್ಯಾಪ್‌ಗೆ ಬಗ್ಗುತ್ತಾನೆ. ಆದರೆ ಅಂಥ ಹೊಡೆತಗಳು ಒಂದೇ ಋತುವಿನಲ್ಲಿ ಸಾವಿರ ದಾಟಿದ ಕಾಲೇಜು ಆಟಗಾರರಿದ್ದಾರೆ. ದೂರದಿಂದ ಓಡಿಬಂದು ಗುದ್ದುವವರಿಗೆ ಬೀಳುವ ಒಂದೊಂದು ಏಟು ದೊಡ್ಡದು. ಲೈನ್‌ಮನ್‌ಗೆ ಬೀಳುವ ಏಟುಗಳ ಸಂಖ್ಯೆ ದೊಡ್ಡದು.

ಹೆಲ್ಮೆಟ್ ಇದೆಯಲ್ಲ ಎಂದು ಕೇಳಬಹುದು. ತಿಪಟೂರು, ಅರಸೀಕೆರೆ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಅಟ್ಟದ ಮೇಲೆ ಒಣಗಿದ ತೆಂಗಿನಕಾಯನ್ನು ಕೈಯಲ್ಲಿ ಹಿಡಿದು ಅಲುಗಿಸಿದರೆ ಒಳಗೆ ಬಿಟ್ಟುಕೊಂಡ ಉಂಡೆಕೊಬ್ಬರಿ ಚಿಪ್ಪಿಗೆ ಬಡಿಯುವುದು ಕೇಳುತ್ತದೆ. ಹೊರಗೆ ಎಷ್ಟೇ ದಪ್ಪ ಸಿಪ್ಪೆ ಇರಲಿ, ಅದು ಚಿಪ್ಪು ಒಡೆಯದಂತೆ ಕಾಯುತ್ತದೆಯೇ ಹೊರತು ಒಳಗಿನ ಅಲುಗಾಟವನ್ನು ತಡೆಯುವುದಿಲ್ಲ. ಹೆಲ್ಮೆಟ್ ಬಂದ ಮೇಲೆ ಮೈದಾನದಲ್ಲಿ ತಲೆಬುರುಡೆ ಒಡೆದು ಸಾಯುವುದು ಬಹುಮಟ್ಟಿಗೆ ನಿಂತಿತು, ಅದು ಸಣ್ಣ ಸಾಧನೆಯಲ್ಲ. ಆದರೆ ಮಿದುಳು ಕೊಬ್ಬರಿಯಷ್ಟು ಗಟ್ಟಿಯಲ್ಲ, ದ್ರವದಲ್ಲಿ ತೇಲುವ ಬಹಳ ಮೃದು ವಸ್ತು. ತಲೆ ತಟ್ಟನೆ ನಿಂತಾಗ, ಅದಕ್ಕಿಂತ ಹೆಚ್ಚಾಗಿ ಪಕ್ಕಕ್ಕೆ ತಿರುಚಿಕೊಂಡಾಗ, ಮಿದುಳಿನ ಬೇರೆ ಬೇರೆ ಪದರಗಳು ಬೇರೆ ಬೇರೆ ವೇಗದಲ್ಲಿ ಚಲಿಸಿ ಎಳೆದಾಡಿಕೊಳ್ಳುತ್ತವೆ. ಆ ಎಳೆತಕ್ಕೆ ಸಿಕ್ಕುವುದು ನರಕೋಶಗಳಿಂದ ಹೊರಟ ಉದ್ದನೆಯ ಎಳೆಗಳು, ಆಕ್ಸಾನ್‌ಗಳು.

ಆಕ್ಸಾನ್‌ನ ಒಳಗೆ ಅತಿಸೂಕ್ಷ್ಮ ನಾಳಿಕೆಗಳಿವೆ. ಕೋಶಕ್ಕೆ ಬೇಕಾದ ವಸ್ತುಗಳು ಅವುಗಳ ಗುಂಟ ಸಾಗುತ್ತವೆ. ಆ ನಾಳಿಕೆಗಳು ಕಳಚದಂತೆ ಹಿಡಿದಿಡುವ ಪ್ರೋಟೀನಿನ ಹೆಸರು ಟೌ. ಎಳೆತಕ್ಕೆ ಸಿಕ್ಕಿದ ಆಕ್ಸಾನ್‌ನಲ್ಲಿ ಟೌ ತನ್ನ ಜಾಗ ಬಿಡುತ್ತದೆ, ಅದಕ್ಕೆ ಹೆಚ್ಚುವರಿ ಫಾಸ್ಫೇಟ್ ಗುಂಪುಗಳು ಅಂಟುತ್ತವೆ, ಆಕಾರ ಕೆಟ್ಟು ಒಂದಕ್ಕೊಂದು ಹೆಣೆದುಕೊಂಡು ಗಂಟುಗಳಾಗುತ್ತವೆ. ಒಂದು ಸಲದ ಪೆಟ್ಟಿಗೆ ಮಿದುಳು ಬಹುಪಾಲು ಚೇತರಿಸಿಕೊಳ್ಳಬಲ್ಲದು. ವರ್ಷಗಟ್ಟಲೆ, ಚೇತರಿಕೆಗೆ ಬಿಡುವಿಲ್ಲದೆ ಬಿದ್ದ ಪೆಟ್ಟಿನ ಮಾತು ಬೇರೆ. ಈ ಗಂಟುಗಳು ಮೊದಲು ಕಾಣಿಸಿಕೊಳ್ಳುವುದು ಮಿದುಳಿನ ಮಡಿಕೆಗಳ ತಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ. ಎಳೆತ ಹೆಚ್ಚು ಕೇಂದ್ರೀಕರಿಸುವುದೂ ಅಲ್ಲೇ. ಅಲ್ಜೈಮರ್ ಕಾಯಿಲೆಯಲ್ಲೂ ಟೌ ಗಂಟುಗಳಿವೆ, ಆದರೆ ಅವು ಹರಡುವ ವಿನ್ಯಾಸ ಬೇರೆ. ಈ ವಿನ್ಯಾಸದ ಕಾಯಿಲೆಗೆ ಕ್ರಾನಿಕ್ ಟ್ರಾಮಾಟಿಕ್ ಎನ್‌ಸೆಫಲೋಪತಿ ಎಂದು ಹೆಸರು, ಚಿಕ್ಕದಾಗಿ ಸಿಟಿಇ. ಬಾಕ್ಸಿಂಗ್ ಪಟುಗಳಲ್ಲಿ ಇದರ ಲಕ್ಷಣಗಳನ್ನು ನ್ಯೂಜೆರ್ಸಿಯ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ವಿವರಿಸಿದ್ದರು. ಫುಟ್‌ಬಾಲ್‌ಗೂ ಇದಕ್ಕೂ ನಂಟು ಇರಬಹುದೆಂದು ತಿಳಿಯಲು ಮತ್ತೆ ಮುಕ್ಕಾಲು ಶತಮಾನ ಬೇಕಾಯಿತು.

ವೆಬ್‌ಸ್ಟರ್ 1991ರಲ್ಲಿ ನಿವೃತ್ತರಾದರು. ಆಮೇಲಿನ ಹನ್ನೊಂದು ವರ್ಷಗಳ ಕಥೆಯನ್ನು ಬರೆಯುವುದು ಕಷ್ಟ. ನೆನಪು ಕೈಕೊಟ್ಟಿತು, ಹಣ ಕರಗಿತು, ಸಂಸಾರ ಮುರಿಯಿತು. ಕೆಲವು ರಾತ್ರಿಗಳನ್ನು ತಮ್ಮ ಟ್ರಕ್ಕಿನಲ್ಲಿ, ಕೆಲವನ್ನು ರೈಲು ನಿಲ್ದಾಣದಲ್ಲಿ ಕಳೆದರು. ನೋವಿಗೆ ನಿದ್ದೆ ಬಾರದಾದಾಗ ವಿದ್ಯುತ್ ಆಘಾತ ಕೊಡುವ ಸ್ಟನ್ ಗನ್ನನ್ನು ತಮ್ಮ ಮೈಗೇ ತಾಗಿಸಿಕೊಂಡು ಪ್ರಜ್ಞೆ ತಪ್ಪುತ್ತಿದ್ದರು. 1997ರಲ್ಲಿ ಓಹಾಯೋದ ಕ್ಯಾಂಟನ್‌ನಲ್ಲಿ ಹಾಲ್ ಆಫ್ ಫೇಮ್ ಸಮಾರಂಭ ನಡೆದಾಗ ಅವರನ್ನು ಪರಿಚಯಿಸಿದವರು ಹಳೆಯ ಕ್ವಾರ್ಟರ್‌ಬ್ಯಾಕ್ ಟೆರಿ ಬ್ರಾಡ್‌ಶಾ. ಉತ್ತರ ಕೊಡಲು ನಿಂತ ವೆಬ್‌ಸ್ಟರ್ ಮಾತು ಎಲ್ಲಿಂದ ಎಲ್ಲಿಗೋ ಹೋಯಿತು. ಅವರಿಗೆ ಏನೋ ಆಗಿದೆ ಎಂಬುದು ಅಲ್ಲಿದ್ದವರಿಗೆ ಕಂಡಿರಲೇಬೇಕು. 1999ರಲ್ಲಿ ಆಟಗಾರರ ನಿವೃತ್ತಿ ಯೋಜನೆಯ ಮಂಡಳಿ ಅವರನ್ನು ಪೂರ್ಣ ಅಂಗವಿಕಲರೆಂದು ಒಪ್ಪಿ, ಫುಟ್‌ಬಾಲ್‌ನಲ್ಲಿ ತಲೆಗೆ ಬಿದ್ದ ಪೆಟ್ಟುಗಳೇ ಇದಕ್ಕೆ ಕಾರಣ ಎಂದು ತನ್ನ ಕಡತದಲ್ಲಿ ಬರೆದುಕೊಂಡಿತು. ಅದೇ ಕಾಲದಲ್ಲಿ ಲೀಗ್ ನೇಮಿಸಿದ್ದ ವೈದ್ಯಕೀಯ ಸಮಿತಿ ಆಟದಿಂದ ಮಿದುಳಿಗೆ ಶಾಶ್ವತ ಹಾನಿಯಾಗುತ್ತದೆ ಎಂಬುದನ್ನು ಒಪ್ಪುತ್ತಿರಲಿಲ್ಲ. ಈ ಎರಡೂ ನಿಲುವುಗಳು ಒಂದೇ ಕಾಲದಲ್ಲಿ ಇದ್ದವು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

2002ರ ಸೆಪ್ಟೆಂಬರ್ 24ರಂದು ವೆಬ್‌ಸ್ಟರ್ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 50. ಮರಣೋತ್ತರ ಪರೀಕ್ಷೆ ಮಾಡಿದವರು ನೈಜೀರಿಯಾದಿಂದ ಬಂದಿದ್ದ ತರುಣ ವೈದ್ಯ ಬೆನೆಟ್ ಒಮಾಲು. ಅವರಿಗೆ ಫುಟ್‌ಬಾಲ್ ಗೊತ್ತಿರಲಿಲ್ಲ, ವೆಬ್‌ಸ್ಟರ್ ಯಾರೆಂಬುದೂ ಗೊತ್ತಿರಲಿಲ್ಲ. ಸತ್ತವರ ಕೊನೆಯ ವರ್ಷಗಳ ವರದಿ ಕೇಳಿದ್ದ ಅವರು ಬುರುಡೆಯೊಳಗೆ ಸೊರಗಿದ, ಕುಗ್ಗಿದ ಮಿದುಳನ್ನು ನಿರೀಕ್ಷಿಸಿದ್ದರು. ಕಂಡದ್ದು ನೋಟಕ್ಕೆ ಏನೂ ಆಗದ ಮಿದುಳು. ಹೃದಯಾಘಾತ ಎಂದು ಬರೆದು ಕಡತ ಮುಚ್ಚಬಹುದಿತ್ತು. ಒಮಾಲು ಆ ಮಿದುಳನ್ನು ರಾಸಾಯನಿಕದಲ್ಲಿ ಇಡಿಸಿ, ತೆಳು ಹೋಳುಗಳಾಗಿ ಕೊಯ್ಸಿ, ತಮ್ಮ ಸ್ವಂತ ಹಣ ಕೊಟ್ಟು ವಿಶೇಷ ಬಣ್ಣಗಳನ್ನು ಹಾಕಿಸಿದರು. ಸೂಕ್ಷ್ಮದರ್ಶಕದಡಿ ಟೌ ಗಂಟುಗಳು ಕಂಡವು. ಐವತ್ತು ವರ್ಷದವನ ಮಿದುಳಿನಲ್ಲಿ ಅವು ಇರಬಾರದಿತ್ತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ರೊನಾಲ್ಡ್ ಹ್ಯಾಮಿಲ್ಟನ್, ಸ್ಟೀವನ್ ಡಿಕಾಸ್ಕಿ ಅವರಂಥ ತಜ್ಞರಿಗೆ ತೋರಿಸಿ ಖಚಿತಪಡಿಸಿಕೊಂಡ ಮೇಲೆ 2005ರ ಜುಲೈನಲ್ಲಿ ‘ನ್ಯೂರೋಸರ್ಜರಿ’ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟವಾಯಿತು. ಲೀಗಿನ ಸಮಿತಿಯ ಸದಸ್ಯರು ಆ ಪ್ರಬಂಧವನ್ನು ಹಿಂತೆಗೆದುಕೊಳ್ಳಬೇಕೆಂದು ಅದೇ ಪತ್ರಿಕೆಗೆ ಬರೆದರು. ಪತ್ರಿಕೆ ಹಿಂತೆಗೆಯಲಿಲ್ಲ. ಒಮಾಲು ಮುಂದಿನ ಪ್ರಕರಣಗಳನ್ನು ಪ್ರಕಟಿಸಿದರು. 45ನೇ ವಯಸ್ಸಿನಲ್ಲಿ ತೀರಿಕೊಂಡ ಟೆರಿ ಲಾಂಗ್, 36ಕ್ಕೇ ರಸ್ತೆ ಅಪಘಾತದಲ್ಲಿ ಸತ್ತ ಜಸ್ಟಿನ್ ಸ್ಟ್ರೆಲ್‌ಜಿಕ್, ಇಬ್ಬರೂ ಸ್ಟೀಲರ್ಸ್ ತಂಡದವರೇ, ಇಬ್ಬರೂ ಆಫೆನ್ಸಿವ್ ಲೈನ್‌ಮನ್‌ಗಳೇ. ಇಬ್ಬರ ಮಿದುಳಲ್ಲೂ ಅದೇ ಗಂಟುಗಳು.

ಲೀಗಿನ ಹಿರಿಯ ಅಧಿಕಾರಿಯೊಬ್ಬರು ಅಮೆರಿಕದ ಸಂಸತ್ತಿನ ಸಮಿತಿಯೊಂದರ ಮುಂದೆ ಫುಟ್‌ಬಾಲ್‌ಗೂ ಸಿಟಿಇಗೂ ನಂಟಿದೆ ಎಂದು ಒಪ್ಪಿದ್ದು 2016ರಲ್ಲಿ. ಮರುವರ್ಷ ಬಾಸ್ಟನ್ ವಿಶ್ವವಿದ್ಯಾಲಯದ ಆನ್ ಮೆಕೀ ಮತ್ತು ಸಂಗಡಿಗರು 202 ಮೃತ ಆಟಗಾರರ ಮಿದುಳುಗಳ ಅಧ್ಯಯನ ಪ್ರಕಟಿಸಿದರು. 177ರಲ್ಲಿ ಸಿಟಿಇ ಇತ್ತು. ಎನ್‌ಎಫ್‌ಎಲ್‌ನಲ್ಲಿ ಆಡಿದ್ದ 111 ಮಂದಿಯಲ್ಲಿ 110 ಜನರಲ್ಲಿ ಇತ್ತು. ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ಮಿದುಳು ದಾನ ಮಾಡುವ ಕುಟುಂಬಗಳು ಬಹುಪಾಲು ಮೊದಲೇ ಏನೋ ತೊಂದರೆ ಕಂಡವರು, ಹಾಗಾಗಿ ಆಡಿದವರೆಲ್ಲರಿಗೂ ಇದೇ ಪ್ರಮಾಣ ಅನ್ವಯಿಸದು. ಬದುಕಿರುವವರಲ್ಲಿ ಸಿಟಿಇಯನ್ನು ಖಚಿತವಾಗಿ ಗುರುತಿಸುವ ಪರೀಕ್ಷೆ ಇನ್ನೂ ಇಲ್ಲ. ಆದರೆ ಈ ಮಿತಿಗಳನ್ನು ಸಂಶೋಧಕರೇ ಹೇಳಿಕೊಂಡಿದ್ದಾರೆ, ಹೇಳಿಕೊಂಡೇ ಮುಂದಿನ ಪ್ರಶ್ನೆಗೆ ಹೋಗಿದ್ದಾರೆ: ದಾನ ಬಂದ ಮಿದುಳುಗಳ ನಡುವೆಯೇ ಕೆಲವರಿಗೆ ಏಕೆ ಬಂತು, ಕೆಲವರಿಗೆ ಏಕೆ ಬರಲಿಲ್ಲ?

ಆ ಪ್ರಶ್ನೆಗೆ ಈವರೆಗೆ ಸಿಕ್ಕ ಅತ್ಯುತ್ತಮ ಉತ್ತರ 2023ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ನಲ್ಲಿ ಬಂದ ಡ್ಯಾನಿಯಲ್ ದಾನೇಶ್ವರ್ ತಂಡದ ಅಧ್ಯಯನ. ಹೆಲ್ಮೆಟ್ ಸಂವೇದಕಗಳನ್ನು ಬಳಸಿದ್ದ 34 ಸಂಶೋಧನೆಗಳ ಅಳತೆಗಳನ್ನು ಅವರು ಒಟ್ಟುಗೂಡಿಸಿದರು. ಯಾವ ಸ್ಥಾನದಲ್ಲಿ, ಯಾವ ಹಂತದಲ್ಲಿ ಆಡುವವನಿಗೆ ವರ್ಷಕ್ಕೆ ಸರಾಸರಿ ಎಷ್ಟು ಹೊಡೆತ, ಎಷ್ಟು ಬಲದ್ದು ಎಂಬ ಕೋಷ್ಟಕ ಸಿದ್ಧವಾಯಿತು. ಆಮೇಲೆ ಮಿದುಳು ದಾನ ಮಾಡಿದ 631 ಆಟಗಾರರ ಜೀವನಪರ್ಯಂತದ ಆಟಕ್ಕೆ ಆ ಕೋಷ್ಟಕ ಹೊಂದಿಸಿ ಒಬ್ಬೊಬ್ಬರ ತಲೆ ಒಟ್ಟು ಎಷ್ಟು ಬಲವನ್ನು ಉಂಡಿತ್ತು ಎಂದು ಅಂದಾಜಿಸಿದರು. ಕಂಕಷನ್‌ಗಳ ಸಂಖ್ಯೆಗೂ ಸಿಟಿಇಗೂ ಸಂಬಂಧ ಕಾಣಲಿಲ್ಲ. ಒಟ್ಟು ಹೊಡೆತಗಳ ಕೂಡಿದ ಬಲಕ್ಕೂ ಸಿಟಿಇಗೂ ಸಂಬಂಧ ಎದ್ದು ಕಂಡಿತು. ಅಂದರೆ ಸ್ಟ್ರೆಚರ್ ಮೇಲೆ ಹೊತ್ತೊಯ್ಯುವಾಗ ಕ್ರೀಡಾಂಗಣವೆಲ್ಲ ಮೌನವಾಗುತ್ತದಲ್ಲ, ಆ ಏಟನ್ನು ಮಾತ್ರ ಎಣಿಸುತ್ತ ಕೂತ ಲೀಗು, ವೈದ್ಯರು, ನಾವು ಪ್ರೇಕ್ಷಕರು, ಎಲ್ಲರೂ ತಪ್ಪು ಲೆಕ್ಕ ಹಿಡಿದಿದ್ದೆವು. ಆತ ಎದ್ದು ಮತ್ತೆ ಬಗ್ಗಿ ನಿಂತ ಪ್ರತಿಯೊಂದು ಸ್ನ್ಯಾಪ್ ಕೂಡ ಲೆಕ್ಕಕ್ಕೆ ಸೇರಬೇಕಿತ್ತು. ವೆಬ್‌ಸ್ಟರ್ ಅವರ ಹೆಗ್ಗಳಿಕೆ ಯಾವುದೋ, ಅವರನ್ನು ತಿಂದದ್ದೂ ಅದೇ.

ಮಿದುಳೊಂದೇ ಅಲ್ಲ, ದೇಹದ ತೂಕದ ಕಥೆಯೂ ಇದೆ. ವೆಬ್‌ಸ್ಟರ್ ಕಾಲದಲ್ಲಿ 115 ಕಿಲೋ ತೂಗಿದರೆ ಸೆಂಟರ್ ಆಗಬಹುದಿತ್ತು, ಇಂದು 135 ಕಿಲೋಗೆ ಕಡಿಮೆ ಇರುವವರು ವಿರಳ. ಅಷ್ಟು ತೂಕವನ್ನು ಕಾಯ್ದುಕೊಳ್ಳಲು ಹಸಿವಿಲ್ಲದಾಗಲೂ ತಿನ್ನಬೇಕು. 1994ರ ಅಮೆರಿಕದ ಸರ್ಕಾರಿ ಅಧ್ಯಯನವೊಂದು ಮಾಜಿ ಆಟಗಾರರು ಒಟ್ಟಾರೆ ಸಾಮಾನ್ಯರಿಗಿಂತ ಕಡಿಮೆ ಪ್ರಮಾಣದಲ್ಲಿ ಸಾಯುತ್ತಾರೆಂದೂ, ಲೈನ್‌ಮನ್‌ಗಳಲ್ಲಿ ಮಾತ್ರ ಹೃದ್ರೋಗದ ಸಾವು ಸಾಮಾನ್ಯರಿಗಿಂತ ಶೇ. 52ರಷ್ಟು ಹೆಚ್ಚೆಂದೂ ಕಂಡಿತು. ನಿವೃತ್ತಿಯಾದ ಕೂಡಲೇ ತೂಕ ಇಳಿಸುವುದು ಇಂದಿನ ಲೈನ್‌ಮನ್‌ಗಳ ಎರಡನೇ ವೃತ್ತಿಯಂತಾಗಿದೆ. ಸ್ಟೀಲರ್ಸ್‌ನ ಗಾರ್ಡ್ ಆಗಿದ್ದ ಅಲನ್ ಫನೇಕಾ 2014ರಲ್ಲಿ ಮ್ಯಾರಥಾನ್ ಓಡಿ ಮುಗಿಸಿದರು.

ಬೇಗ ಬಿಟ್ಟವರೂ ಇದ್ದಾರೆ. ಬಾಲ್ಟಿಮೋರ್ ರೇವನ್ಸ್ ತಂಡದ ಗಾರ್ಡ್ ಜಾನ್ ಅರ್ಷೆಲ್ ಆಡುತ್ತಲೇ ಎಂಐಟಿಯಲ್ಲಿ ಗಣಿತದ ಪಿಎಚ್‌ಡಿಗೆ ಸೇರಿದವರು. 2015ರ ಅಭ್ಯಾಸದಲ್ಲಿ ಕಂಕಷನ್ ಆದಾಗ ಕೆಲ ಕಾಲ ಮೇಲ್ಮಟ್ಟದ ಗಣಿತ ಕೈಗೆ ಹತ್ತಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. 2017ರ ಜುಲೈನಲ್ಲಿ, ಬಾಸ್ಟನ್ ಅಧ್ಯಯನ ಪ್ರಕಟವಾದ ಎರಡೇ ದಿನಕ್ಕೆ, 26ನೇ ವಯಸ್ಸಿನಲ್ಲಿ ಆಟ ಬಿಟ್ಟರು. ಓದಿಗೆ ಪೂರ್ತಿ ಸಮಯ ಕೊಡಬೇಕು, ಮನೆಗೆ ಮಗು ಬರಲಿದೆ ಎಂಬ ಕಾರಣಗಳನ್ನು ಕೊಟ್ಟರು. ಈಗ ಎಂಐಟಿಯಲ್ಲೇ ಪ್ರಾಧ್ಯಾಪಕರು. ಆಯ್ಕೆ ಮಾಡಿಕೊಳ್ಳಲು ಕೈಯಲ್ಲಿ ಮತ್ತೊಂದು ದಾರಿ ಇದ್ದವರ ಕಥೆ ಇದು. ಎಲ್ಲರಿಗೂ ಅದಿರುವುದಿಲ್ಲ.

ಲೀಗ್ ಕೆಲವು ಬದಲಾವಣೆ ಮಾಡಿದೆ. 2011ರ ಒಪ್ಪಂದದಂತೆ ಋತುವಿನಲ್ಲಿ ಪೂರ್ಣ ಬಲದ ಅಭ್ಯಾಸ 14 ದಿನ ಮೀರುವಂತಿಲ್ಲ. 2022ರಲ್ಲಿ ಲೈನ್‌ಮನ್‌ಗಳು ಋತುವಿಗೆ ಮುನ್ನಿನ ಅಭ್ಯಾಸ ಶಿಬಿರದಲ್ಲಿ ಹೆಲ್ಮೆಟ್ ಮೇಲೆ ಮೆತ್ತನೆಯ ಹೊದಿಕೆ ಹಾಕಬೇಕೆಂಬ ನಿಯಮ ಬಂತು. ಅಭ್ಯಾಸದ ಮೇಲಿನ ಮಿತಿಯೇ ಹೆಚ್ಚು ಮುಖ್ಯವೆಂದು ನನಗನ್ನಿಸುತ್ತದೆ. ಆಟ ಒಂದಿನಿತೂ ಬದಲಾಗದೆ ಕಡಿಮೆ ಮಾಡಬಹುದಾದ ಹೊಡೆತಗಳು ಅಲ್ಲಿಯೇ ಇರುವುದು. ಬಾಸ್ಟನ್ ತಂಡದ 2020ರ ಲೆಕ್ಕದ ಪ್ರಕಾರ ಆಡಿದ ಪ್ರತಿ ಹೆಚ್ಚುವರಿ ವರ್ಷಕ್ಕೆ ಸಿಟಿಇ ಸಾಧ್ಯತೆ ಶೇ. 30ರಷ್ಟು ಏರುತ್ತದೆ. ಆ ವರ್ಷಗಳು ಎಣಿಕೆಯಾಗುವುದು ಸಂಬಳ ಶುರುವಾದ ದಿನದಿಂದಲ್ಲ, ಶಾಲೆಯಲ್ಲಿ ಮೊದಲ ಸಲ ಹೆಲ್ಮೆಟ್ ತೊಟ್ಟ ದಿನದಿಂದ. ಅಮೆರಿಕದ ಪ್ರೌಢಶಾಲೆಗಳಲ್ಲಿ ಸುಮಾರು ಹತ್ತು ಲಕ್ಷ ಹುಡುಗರು ಈ ಆಟ ಆಡುತ್ತಾರೆ. ಅವರಲ್ಲಿ ಎನ್‌ಎಫ್‌ಎಲ್ ತಲುಪುವವರು ಬೆರಳೆಣಿಕೆಯಷ್ಟು. ಕ್ಯಾಲಿಫೋರ್ನಿಯಾ 2014ರಲ್ಲಿ ಒಂದು ಕಾಯ್ದೆ ಮಾಡಿ, ಶಾಲಾ ತಂಡಗಳು ವಾರಕ್ಕೆ ಎರಡು ದಿನ, ದಿನಕ್ಕೆ 90 ನಿಮಿಷಕ್ಕಿಂತ ಹೆಚ್ಚು ಪೂರ್ಣ ಬಲದ ಅಭ್ಯಾಸ ಮಾಡದಂತೆ ತಡೆಯಿತು. ಪ್ರತಿ ರಾಜ್ಯದಲ್ಲೂ ಇಂಥದ್ದೊಂದು ಮಿತಿ ಬರಬೇಕು, ಇನ್ನೂ ಬಿಗಿಯಾಗಿ ಬರಬೇಕು. ದೊಡ್ಡ ಲೀಗಿನ ಸುಮಾರು ಎರಡು ಸಾವಿರ ಆಟಗಾರರಿಗಾಗಿ ಮಾಡಿದ ಯಾವ ನಿಯಮಕ್ಕಿಂತಲೂ ಅದು ಹೆಚ್ಚು ತಲೆಗಳನ್ನು ಕಾಯುತ್ತದೆ.